ಹೊಲಿಗೆ ಅಲ್ಲ, ಹೊಲಿಗೆಯ ಚಿತ್ರ

ಕಳೆದ ವರ್ಷ ಜೂನ್‌ನಲ್ಲಿ ಸ್ಕೂಲ್ ಶುರುವಾದ ಎರಡನೇ ದಿನ ನನ್ನ ಮಗ ಬಲಗಾಲಿನ ಶೂಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ವ್ಯಾನ್‌ನಿಂದ ಇಳಿದ. ಎಡಗಾಲಿನ ಶೂ ಕೈಯಲ್ಲಿತ್ತು. ಸಾಕ್ಸ್ ಬಣ್ಣ ಹೇಳುವ ಹಾಗಿರಲಿಲ್ಲ. "ಅಮ್ಮ, ಶೂ ಪುಡಿ ಆಗ್ತಿದೆ" ಅಂದ. ಹರಿದಿದೆ ಅನ್ನಲಿಲ್ಲ, ಕಿತ್ತುಹೋಗಿದೆ ಅನ್ನಲಿಲ್ಲ. ಪುಡಿ ಅಂದ. ನೋಡಿದರೆ ನಿಜವಾಗಿಯೂ ಪುಡಿ. ಸೋಲನ್ನು ಹೆಬ್ಬೆರಳಿಂದ ಒತ್ತಿದರೆ ಹಳೇ ಮೈಸೂರು ಪಾಕ್ ತರ ಉದುರುತ್ತಿತ್ತು. ಮೇಲ್ಭಾಗ ಮಾತ್ರ ಹೊಸದರಂತೆ ಮಿರಮಿರ.

ಅದೇನು ಫುಟ್‌ಪಾತ್ ಶೂ ಅಲ್ಲ. 2,499 ರೂಪಾಯಿ ಕೊಟ್ಟು ತಂದದ್ದು. ಮಗನಿಗಲ್ಲ, ಅವನ ಅಕ್ಕನಿಗೆ, 2022ರ ಮೇನಲ್ಲಿ. ಎರಡು ವರ್ಷ ಕೊರೊನಾ ಅಂತ ಮನೆಯಲ್ಲೇ ಇದ್ದ ಮಕ್ಕಳು ಸರಿಯಾಗಿ ಸ್ಕೂಲಿಗೆ ಹೊರಟ ವರ್ಷ ಅದು. ಆ ಖುಷಿಯಲ್ಲಿ ನಾನೂ ಕೈ ಬಿಚ್ಚಿ ಖರ್ಚು ಮಾಡಿದೆ. ಒಳ್ಳೇ ಶೂ, ಹಗುರ, ಮೆತ್ತಗೆ, ಮಗಳಿಗೂ ಇಷ್ಟ. ಆದರೆ ಜನವರಿ ಹೊತ್ತಿಗೆ ಬೆರಳು ಮುಂದೆ ತಗುಲೋಕೆ ಶುರುವಾಯಿತು. ಶೂ ಹೊಸದು, ಕಾಲು ದೊಡ್ಡದು. ಮೂರನೇ ಕ್ಲಾಸಿನ ಮಗುವಿನ ಕಾಲು ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಸೈಜ್ ಬೆಳೆಯುತ್ತದೆ ಅನ್ನುವುದು ನನಗೆ ಆಗ ತಲೆಗೇ ಹೋಗಿರಲಿಲ್ಲ. ಹೋಗಲಿ ಬಿಡು, ತಮ್ಮನಿಗೆ ಆಗುತ್ತದೆ ಅಂತ ಪಾಲಿಷ್ ಹಾಕಿ, ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ, ಸಜ್ಜೆ ಮೇಲೆ ಇಟ್ಟೆ. ಎಷ್ಟು ಜಾಣತನ ಅಂತ ಒಳಗೊಳಗೇ ಬೀಗಿದ್ದೆ ಕೂಡ.

ಆಮೇಲೆ ಗೊತ್ತಾಯಿತು. ಈ ಹಗುರ ಸೋಲ್ ಇದೆಯಲ್ಲ, ಅದು ಪಿಯು, ಪಾಲಿಯುರೆಥೇನ್. ಒಳಗೆಲ್ಲ ಸಣ್ಣ ಸಣ್ಣ ಗಾಳಿ ಗುಳ್ಳೆ, ಅದಕ್ಕೇ ಕಾಲಿಗೆ ಭಾರ ಆಗಲ್ಲ. ಆದರೆ ಗಾಳಿಯಲ್ಲಿರುವ ತೇವ ಸೇರಿ ಅದನ್ನು ನಿಧಾನಕ್ಕೆ ಒಡೆಯುತ್ತಾ ಹೋಗುತ್ತದೆ. ಹಾಕಿಕೊಂಡರೂ ಅಷ್ಟೇ, ಎತ್ತಿಟ್ಟರೂ ಅಷ್ಟೇ. ತೇವ ಹೊರಗೆ ಹೋಗದ ಹಾಗೆ ಕಟ್ಟಿಟ್ಟರೆ ಇನ್ನೂ ಕೆಟ್ಟದು, ಅಂದರೆ ನಾನು ಮಾಡಿದ್ದೇ. ದುಬಾರಿ ಶೂ ತಗೊಂಡು ತಮ್ಮ ತಂಗಿಗೆ ಅಂತ ಎತ್ತಿಡುವವರು ಇದೊಂದು ತಿಳಿದುಕೊಂಡಿರಿ. ಬೇರೆಯವರು ಹಾಕಿದ ಶೂ ಅವರ ಕಾಲಿನ ಆಕಾರಕ್ಕೆ ಬಗ್ಗಿರುತ್ತದೆ, ಅದು ಬೇರೆ ವಿಷಯ.

ಅವತ್ತು ಸಂಜೆಯೇ ಸಿಟ್ಟಲ್ಲಿ ಗಾಂಧಿ ಬಜಾರ್‌ಗೆ ಹೋದೆ. ಇನ್ನು ಮೇಲೆ ಒಂದು ರೂಪಾಯಿ ಜಾಸ್ತಿ ಕೊಡಲ್ಲ ಅಂತ ದಾರಿಯುದ್ದಕ್ಕೂ ಶಪಥ. ಬೀದಿ ಬದಿಯಲ್ಲಿ ರಾಶಿ ಹಾಕಿದ್ದರು, ಒಂದು ಜೊತೆಗೆ 400. ಚೌಕಾಸಿ ಮಾಡಿ 350ಕ್ಕೆ ಇಳಿಸಿದೆ. ಬೆಳೆಯೋ ಹುಡುಗ ಅಂತ ಎರಡು ಸೈಜ್ ದೊಡ್ಡದೇ ಕೊಂಡೆ. ನಮ್ಮಪ್ಪನೂ ಹಾಗೇ ಮಾಡುತ್ತಿದ್ದರು, ಬಾಟಾ ಅಂಗಡಿಯಲ್ಲಿ ಆ 99ರಲ್ಲಿ ಕೊನೆಯಾಗುವ ಬೆಲೆ ನೋಡಿ "ಒಂದು ರೂಪಾಯಿ ಉಳೀತು" ಅಂತ ನಕ್ಕು, ದೊಡ್ಡ ಸೈಜ್ ಕೊಡಿಸಿ, ಮುಂದೆ ಹತ್ತಿ ತುರುಕಿ ಕಳಿಸುತ್ತಿದ್ದರು. ಜೂನ್‌ನಲ್ಲಿ ಹತ್ತಿ, ಮಾರ್ಚ್‌ನಲ್ಲಿ ಬೆರಳು. ನಾವು ಹಾಗೇ ಬೆಳೆದೆವು.

ಮಗ ಒಂದು ವಾರದಲ್ಲಿ ಎರಡು ಸಲ ಮೆಟ್ಟಿಲಲ್ಲಿ ಎಡವಿದ. ಹಿಮ್ಮಡಿ ಹಿಂದೆ ಗುಳ್ಳೆ ಎದ್ದಿತು. ನಡೆಯುವಾಗ ಟಪ್ ಟಪ್ ಅಂತ ಸದ್ದು, ಪಕ್ಕದ ಮನೆ ಅಜ್ಜಿ "ಏನೋ ಮಿಲಿಟರಿ ಬಂತಾ" ಅಂತ ರೇಗಿಸೋರು. ಇಂಗ್ಲೆಂಡಿನ ಅಳತೆಯಲ್ಲಿ ಒಂದು ಸೈಜ್ ಅಂದರೆ ಒಂದು ಬಾರ್ಲಿ ಕಾಳಿನ ಉದ್ದವಂತೆ, ಇಂಚಿನಲ್ಲಿ ಮೂರನೇ ಒಂದು ಭಾಗ, ಹತ್ತಿರಹತ್ತಿರ ಎಂಟೂವರೆ ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದೂ ಇದೇ ಅಳತೆ. ಎರಡು ಸೈಜ್ ಅಂದರೆ ಎರಡು ಕಾಳು, 17 ಮಿಲಿಮೀಟರ್. ಕೇಳೋಕೆ ಕಡಿಮೆ. ಎಂಟು ವರ್ಷದ ಕಾಲಿಗೆ ಅದು ದೋಣಿ.

ಆಗಸ್ಟ್‌ನಲ್ಲಿ ಒಂದು ವಾರ ಬಿಡದೆ ಮಳೆ. ಶೂ ಬಾಯಿ ಬಿಟ್ಟಿತು.

ಹನುಮಂತನಗರದ ನಮ್ಮ ರಸ್ತೆ ತಿರುವಿನಲ್ಲಿ ಒಬ್ಬರು ಶೂ ಚಪ್ಪಲಿ ರಿಪೇರಿ ಮಾಡುತ್ತಾರೆ. ತಗಡಿನ ಪೆಟ್ಟಿಗೆ ಅಂಗಡಿ, ಮುಂದೆ ಕಬ್ಬಿಣದ ಅಡಿ, ಪಕ್ಕದಲ್ಲಿ ನೀರಿನ ಡಬ್ಬಿ. ಅವರ ಕೈಗೆ ಕೊಟ್ಟು, "ನೋಡಿ, ಸುತ್ತ ಹೊಲಿಗೆ ಇದೆ, ಆದರೂ ಬಿಟ್ಕೊಂಡಿದೆ" ಅಂದೆ. ಅವರು ಮಾತಾಡಲಿಲ್ಲ. ಉಗುರಿನಿಂದ ಸೋಲಿನ ಅಂಚಿನ ಆ ಬಿಳೀ ಹೊಲಿಗೆಯನ್ನು ಕೆರೆದರು. ದಾರ ಏಳಲಿಲ್ಲ. ಬಣ್ಣ ಎದ್ದಿತು. ಅಚ್ಚಿನಲ್ಲೇ ಮೂಡಿಸಿದ ಗೆರೆ ಅದು, ಮೇಲೆ ಬಿಳಿ ಬಳಿದಿದ್ದಾರೆ ಅಷ್ಟೇ.

"ಇದು ಹೊಲಿಗೆ ಅಲ್ಲಮ್ಮ, ಹೊಲಿಗೆ ಚಿತ್ರ" ಅಂದರು.

ಆಮೇಲೆ ಬಾಯಿ ಬಿಟ್ಟ ಕಡೆ ಇನ್ನಷ್ಟು ಎಳೆದು ತೋರಿಸಿದರು. ಒಳಗೆ ಬರೀ ಗಮ್ಮು. ಹಳದಿ ಬಣ್ಣದ, ಒಣಗಿ ಪೊರೆ ಪೊರೆಯಾದ ಗಮ್ಮು. ಒದ್ದೆ ಶೂ ಒಣಗಲಿ ಅಂತ ಗ್ಯಾಸ್ ಒಲೆ ಪಕ್ಕ ಇಟ್ಟಿದ್ರಾ ಅಂತ ಕೇಳಿದರು. ಇಟ್ಟಿದ್ದೆ. ಬಿಸಿಗೆ ಗಮ್ಮು ಸಡಿಲ ಆಗುತ್ತೆ, ಬಿಸಿಲಲ್ಲೂ ಜಾಸ್ತಿ ಹೊತ್ತು ಇಡಬೇಡಿ ಅಂದರು. 80 ರೂಪಾಯಿಗೆ ಸುತ್ತಲೂ ಹೊಲಿದು ಕೊಟ್ಟರು, ಈ ಸಲ ನಿಜವಾದ ದಾರದಲ್ಲಿ. ಹೊಲಿಗೆ ಕೊನೆಯವರೆಗೂ ಗಟ್ಟಿಯಾಗೇ ಇತ್ತು. ಆದರೆ ಬೆರಳು ಬಗ್ಗುವ ಜಾಗದಲ್ಲಿ ರೆಕ್ಸಿನ್ ಸೀಳು ಬಿಟ್ಟಿತು, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ಸೆಪ್ಟೆಂಬರ್‌ನಲ್ಲಿ ಇನ್ನೊಂದು 350, ಕ್ರಿಸ್‌ಮಸ್ ರಜೆ ಮುಗಿದ ಮೇಲೆ ಮತ್ತೊಂದು 350.

ಲೆಕ್ಕ ಹಾಕಿದೆ. ಹಾಕದೆ ನಿದ್ದೆ ಬರಲ್ಲ ನನಗೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಐದನೇ ಕ್ಲಾಸಿನವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಸ್ಕೂಲ್ ನಡೆಸಬೇಕು ಅಂತ ಇದೆ. ಮೂರು ಜೊತೆ, ಒಂದು ರಿಪೇರಿ, ಒಟ್ಟು 1,130. ದಿನಕ್ಕೆ ಐದೂವರೆ ರೂಪಾಯಿ ದಾಟಿತು. ಮಗಳ 2,499ರ ಶೂ ಹೆಚ್ಚೆಂದರೆ 140 ದಿನ ಹಾಕಿರಬಹುದು, ದಿನಕ್ಕೆ ಸುಮಾರು 18. ಹಾಗಾದ್ರೆ ಅಗ್ಗದ್ದೇ ಗೆದ್ದಿತು ಅನ್ನಬಹುದು, ಆದರೆ ಮಗನ ಹಿಮ್ಮಡಿ ಗುಳ್ಳೆಗೆ ಎಷ್ಟು ರೂಪಾಯಿ ಹಾಕೋದು?

350 ಅಂದರೆ ತೀರಾ ಅಗ್ಗ ಅಂದುಕೊಂಡಿದ್ದೆ ನಾನು. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನ ಮಗಳು ಸರ್ಕಾರಿ ಶಾಲೆ. ಅಲ್ಲಿ ಸರ್ಕಾರವೇ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೊಡುತ್ತದೆ, ಕೊಳ್ಳುವುದು ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು. 2022-23ರಲ್ಲಿ ಇಟ್ಟ ದರ ಒಂದರಿಂದ ಐದನೇ ಕ್ಲಾಸಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು ಹತ್ತಕ್ಕೆ 325. ಸಾಕ್ಸ್ ಸೇರಿ! ಅಕ್ಕ ಏನು ಮಾಡುತ್ತಾರೆ ಗೊತ್ತಾ? ಶೂ ಕೈಗೆ ಬಂದ ದಿನವೇ, ಮಗು ಕಾಲಿಗೆ ಹಾಕುವ ಮೊದಲೇ, ಸುತ್ತಲೂ ಹೊಲಿಸಿಬಿಡುತ್ತಾರೆ. "ಬಾಯಿ ಬಿಟ್ಮೇಲೆ ಹೊಲಿಸಿದ್ರೆ ಏನ್ ಬಂತು, ಅಷ್ಟೊತ್ತಿಗೆ ಒಳಗೆ ಮಣ್ಣು ತುಂಬಿರುತ್ತೆ" ಅಂದರು. ಅವರಿಗೆ ಮೊದಲಿಂದ ಗೊತ್ತಿರುವ ವಿಷಯ ನನಗೆ ಗೊತ್ತಾಗೋಕೆ ಮೂರು ಜೊತೆ ಶೂ ಬೇಕಾಯಿತು.

ಮನೆಯಲ್ಲಿ ಈ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ನಮ್ಮನೆಯವರು ಹಾಸನದ ಕಡೆಯವರು, "ನಾವು ಏಳನೇ ಕ್ಲಾಸಿನವರೆಗೂ ಬರಿಗಾಲು, ಏನಾಗಿದೆ ಈಗ?" ಅನ್ನೋದು ಅವರ ಸಿದ್ಧ ಉತ್ತರ. ಅತ್ತೆ ಮೆಲ್ಲಗೆ "ಕಾಲಲ್ಲಿ ಮುಳ್ಳು ಮುರಿದು ಒಂದು ವಾರ ಸ್ಕೂಲಿಗೆ ಹೋಗದೆ ಮಲಗಿದ್ದು ಮರೆತೋಯ್ತೇನೋ" ಅಂದ ಮೇಲೆ ಚರ್ಚೆ ಅಲ್ಲಿಗೇ ನಿಂತಿತು.

ಈ ವರ್ಷ ಮೇ ಕೊನೇ ವಾರ ಡಿವಿಜಿ ರಸ್ತೆಯ ಒಂದು ಸಣ್ಣ ಅಂಗಡಿಗೆ ಹೋದೆ. ಕೌಂಟರ್‌ನಲ್ಲಿ ವಯಸ್ಸಾದ ಯಜಮಾನರು. ಸೈಜ್ ಕೇಳಲಿಲ್ಲ, ಬಜೆಟ್ ಕೇಳಲಿಲ್ಲ. ಮಗನನ್ನು ನೋಡಿ, "ಏನಪ್ಪಾ, ಸೈಕಲ್ ಬ್ರೇಕು ಕೈಯಲ್ಲಿ ಹಿಡೀತೀಯೋ ಕಾಲಲ್ಲೋ?" ಅಂದರು. ಮಗ ನನ್ನ ಮುಖ ನೋಡಿದ. ಕಾಲಲ್ಲೇ. ಜೊತೆಗೆ ದಾರಿಯಲ್ಲಿ ಸಿಕ್ಕ ಕಲ್ಲನ್ನೆಲ್ಲ ಒದೆಯದೆ ಬರಲ್ಲ. ಅವರು ಎರಡು ಜೊತೆ ಪಕ್ಕಕ್ಕೆ ತಳ್ಳಿ, ಮುಂದಿನ ತುದಿಗೆ ಸೋಲೇ ಸ್ವಲ್ಪ ಮೇಲಕ್ಕೆ ಹತ್ತಿದ್ದ ಒಂದನ್ನು ತೆಗೆದರು. ಬೆಲೆ 899. ಲೆದರ್ ಅಲ್ಲ, ಅದನ್ನೂ ಅವರೇ ಹೇಳಿದರು. ಸೋಲು ಅಂಟಿಸಿದ್ದಲ್ಲ, ಮೇಲ್ಭಾಗವನ್ನು ಅಚ್ಚಿನಲ್ಲಿಟ್ಟು ಸೋಲನ್ನು ಕರಗಿಸಿ ಅದಕ್ಕೇ ಸೇರಿಸಿ ಹೊಯ್ದದ್ದು, ಹಾಗಾಗಿ ಬೇಗ ಬಾಯಿ ಬಿಡಲ್ಲ ಅಂದರು. ಸ್ವಲ್ಪ ಭಾರ ಇದೆ. ಪಿವಿಸಿ, ಅಂದರೆ ಪ್ಲಾಸ್ಟಿಕ್ ಸೋಲ್ ಅಂದಮೇಲೆ ಭಾರ ಇರುತ್ತದೆ, ಒದ್ದೆ ಟೈಲ್ಸ್ ಮೇಲೆ ಜಾರುವುದೂ ಉಂಟು. ಆದರೆ ಅಟ್ಟದಲ್ಲಿ ಕೂತು ಮೈಸೂರು ಪಾಕ್ ಆಗಲ್ಲ.

ಇಷ್ಟರ ಹೊತ್ತಿಗೆ ನಾನೂ ಒಂದಿಷ್ಟು ಕಲಿತಿದ್ದೆ ಅನ್ನಿ. ಸಂಜೆ ಹೊತ್ತಲ್ಲೇ ಹೋಗಿದ್ದೆ, ದಿನವೆಲ್ಲ ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ. ಸ್ಕೂಲಿನ ಸಾಕ್ಸನ್ನೇ ಬ್ಯಾಗಲ್ಲಿ ಹಾಕಿಕೊಂಡಿದ್ದೆ. ಮಗನನ್ನು ಕೂರಿಸಿ ಅಲ್ಲ, ನಿಲ್ಲಿಸಿ ನೋಡಿದೆ. ಒತ್ತುತ್ತಾ ಅಂತ ಮಕ್ಕಳನ್ನು ಕೇಳಿ ಪ್ರಯೋಜನ ಇಲ್ಲ, ಶೂ ಇಷ್ಟ ಆದರೆ "ಇಲ್ಲ" ಅಂತಾರೆ, ಇಷ್ಟ ಆಗದಿದ್ದರೆ ಎಲ್ಲ ಕಡೆ ಒತ್ತುತ್ತದೆ. ಅದಕ್ಕೇ ಒಳಗಿನ ಅಟ್ಟೆಯನ್ನು ಹೊರಗೆ ಎಳೆದು ಅದರ ಮೇಲೇ ನಿಲ್ಲಿಸಿದೆ, ಎಲ್ಲಿ ಎಷ್ಟು ಜಾಗ ಉಳಿದಿದೆ ಅಂತ ಕಣ್ಣಿಗೇ ಕಾಣುತ್ತದೆ. ಉದ್ದದ ಬೆರಳಿನ ಮುಂದೆ ನನ್ನ ಹೆಬ್ಬೆರಳಿನಷ್ಟು ಅಗಲ ಬಿಟ್ಟರೆ ಸಾಕು, ಹತ್ತಿ ತುರುಕುವಷ್ಟು ಬೇಡ. ಆಮೇಲೆ ಶೂವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದೆ. ಬೆರಳು ಮಡಚುವ ಜಾಗದಲ್ಲಿ ಬಗ್ಗಬೇಕು. ನಟ್ಟ ನಡುವೆ ಚಪಾತಿ ತರ ಮಡಚಿಕೊಂಡರೆ ವಾಪಸ್ ಇಟ್ಟುಬಿಡಿ, ಬೆಲೆ ಎಷ್ಟೇ ಇರಲಿ. ಹಿಮ್ಮಡಿ ಹಿಂಭಾಗ ಒತ್ತಿದರೆ ಗಟ್ಟಿ ಇರಬೇಕು.

ಪಕ್ಕದಲ್ಲಿ 2,499ರ ಒಂದು ಜೊತೆ ಮಿಂಚುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಶೂಗೆ ಜಿಎಸ್‌ಟಿ 5 ಪರ್ಸೆಂಟ್, ಅದಕ್ಕಿಂತ ಮೇಲೆ ಹೋದರೆ 18. ಮುಂಚೆ ಆ ಗೆರೆ 1,000 ರೂಪಾಯಿಯಲ್ಲಿತ್ತು. ನನ್ನ ಮಗಳ ಶೂಗೆ ನಾನು 18 ಪರ್ಸೆಂಟ್ ಕಟ್ಟಿದ್ದೆ, ಪುಡಿಯಾಗೋದಕ್ಕೆ. ಆದರೂ ಒಂದು ಕ್ಷಣ ಕೈ ಹೋಯಿತು ಅದರ ಕಡೆ, ಸುಳ್ಳು ಹೇಳಲ್ಲ. ಮಗಳು ಈಗ ಏಳನೇ ಕ್ಲಾಸ್, ಅವಳ ಕಾಲು ಬೆಳೆಯುವುದು ನಿಧಾನವಾಗಿದೆ, ಕಳೆದ ವರ್ಷದ ಶೂ ಇನ್ನೂ ಆಗುತ್ತಿದೆ. ಅವಳಿಗಾದರೆ ಮುಂದಿನ ವರ್ಷ ಒಂದು ಒಳ್ಳೇ ಲೆದರ್ ಶೂ ಕೊಡಿಸಬಹುದು, ಎರಡು ವರ್ಷ ಹಾಕುತ್ತಾಳೆ. ಪಾಲಿಷ್ ಹಾಕಿದರೆ ಹೀರಿಕೊಳ್ಳುತ್ತದೆ, ಕಾಲಿಗೆ ತಕ್ಕ ಹಾಗೆ ಬಗ್ಗುತ್ತದೆ. ರೆಕ್ಸಿನ್‌ಗೆ ಪಾಲಿಷ್ ಹಾಕುವುದು ಕನ್ನಡಿಗೆ ಎಣ್ಣೆ ಹಚ್ಚಿದ ಹಾಗೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಲ್ಲು ಒದೆಯುವ ಎಂಟೊಂಬತ್ತು ವರ್ಷದವನಿಗೆ ಮಾತ್ರ ಲೆದರ್ ಬೇಡವೇ ಬೇಡ, ನನ್ನ ಮಟ್ಟಿಗೆ.

899ರ ಶೂ ಬಿಚ್ಚಿ, ಸೀದಾ ರಸ್ತೆ ತಿರುವಿನ ರಿಪೇರಿಯವರ ಹತ್ತಿರ ತಗೊಂಡು ಹೋದೆ, ಅಕ್ಕನ ಹಾಗೆ ಮೊದಲೇ ಹೊಲಿಸೋಣ ಅಂತ. ಅವರು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಬೇಡಮ್ಮ, ಸುಮ್ನೆ ತೂತು ಮಾಡಿದ್ರೆ ನೀರು ಒಳಗೆ ಹೋಗುತ್ತೆ" ಅಂತ ವಾಪಸ್ ಕೊಟ್ಟರು. 80 ರೂಪಾಯಿ ಬರುತ್ತಿತ್ತು ಅವರಿಗೆ, ಬಿಟ್ಟರು.

ಇವತ್ತು ಸಂಜೆ ಮತ್ತೆ ಮಳೆ. ವ್ಯಾನ್ ಇಳಿದವನು ಮನೆ ಬಾಗಿಲ ತನಕ ಇರುವ ಮೂರೇ ಮೂರು ಗುಂಡಿಯನ್ನೂ ಬಿಡದೆ ಹಾರಿ ಬಂದಿದ್ದಾನೆ. ಶೂ ಒಳಗೆ ಪೇಪರ್ ಉಂಡೆ ಮಾಡಿ ತುರುಕಿ ಫ್ಯಾನ್ ಕೆಳಗೆ ಇಟ್ಟಿದ್ದೇನೆ, ಒಂದು ಸಲ ಪೇಪರ್ ಬದಲಿಸಿದ್ದೂ ಆಯಿತು. ಒಂದೇ ರಾತ್ರಿಗೆ ಒಣಗಲ್ಲ ಅಂತ ಗೊತ್ತು. ನಾಳೆ ಪಿಟಿ ಇದೆ, ಬಿಳಿ ಶೂ ದಿನ. ಬಚಾವ್.