ದಮ್ ದಮ್‌ನಲ್ಲಿ ಒತ್ತಿದ ಬೀಟಲ್ಸ್

ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟಿನಲ್ಲೂ ಬಂದಿದ್ದವು ಅಂದರೆ ತುಂಬಾ ಜನ ನಂಬುವುದಿಲ್ಲ. ಅವರ ಮೊದಲ ಸಿಂಗಲ್ (ಒಂದೊಂದು ಬದಿಗೆ ಒಂದೇ ಹಾಡಿರುವ ಸಣ್ಣ ಪ್ಲೇಟು) 'ಲವ್ ಮಿ ಡು' ಇಂಗ್ಲೆಂಡಿನಲ್ಲಿ ಬಂದದ್ದು 1962ರ ಅಕ್ಟೋಬರ್ 5ರಂದು. ಅಷ್ಟರಲ್ಲಿ ಅಲ್ಲಿ 78ರ ಕಾಲ ಮುಗಿದಿತ್ತು. ನಮ್ಮಲ್ಲಿ ಮುಗಿದಿರಲಿಲ್ಲ. ಊರೂರಿಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ಕೀ ಕೊಟ್ಟು ತಿರುಗಿಸುವ ಗ್ರಾಮಫೋನ್ ಎಷ್ಟೋ ಮನೆಗಳಲ್ಲಿ ಇತ್ತು. ಅದಕ್ಕೆ ಬೇಕಾದದ್ದು 78ರ ಪ್ಲೇಟು. ಹಾಗಾಗಿ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಕಲ್ಕತ್ತಾದ ದಮ್ ದಮ್ ಕಾರ್ಖಾನೆಯಲ್ಲಿ 1960ರ ದಶಕದ ಮಧ್ಯದವರೆಗೂ ಬೀಟಲ್ಸ್ ಹಾಡುಗಳನ್ನು 78ರಲ್ಲೇ ಒತ್ತಿ ಮಾರಿತು. ಪಾರ್ಲೋಫೋನ್ ಲೇಬಲ್, ಡಿಪಿಇ ಅಂತ ಶುರುವಾಗುವ ನಂಬರ್. 'ಕಾಂಟ್ ಬೈ ಮಿ ಲವ್', 'ಎ ಹಾರ್ಡ್ ಡೇಸ್ ನೈಟ್' ಎಲ್ಲಾ ಹಾಗೆ ಬಂದವು. ಇವತ್ತು ಪ್ರಪಂಚದ ದೊಡ್ಡ ದೊಡ್ಡ ಬೀಟಲ್ಸ್ ಸಂಗ್ರಾಹಕರು ಆ ಪ್ಲೇಟುಗಳಿಗಾಗಿ ಬಾಯಿ ಬಿಡುತ್ತಾರೆ.

ನಾನು ಮಂಗಳೂರಿನವನು. ರಥಬೀದಿ ಹತ್ತಿರ ಒಂದು ಸಣ್ಣ ವಾಚ್ ರಿಪೇರಿ ಅಂಗಡಿ ನನ್ನದು. ಬೀಟಲ್ಸ್ ಹುಚ್ಚು ಹಿಡಿದದ್ದು ಮಾವನಿಂದ. ಅವರು ಬೊಂಬಾಯಿಯ ಫೋರ್ಟ್‌ನಲ್ಲಿ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಊರಿಗೆ ಬರುವಾಗ ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಇಟ್ಟು 45ರ ಸಿಂಗಲ್‌ಗಳನ್ನು ತರುತ್ತಿದ್ದರು. ರೇಡಿಯೋ ಸಿಲೋನ್‌ನಲ್ಲಿ ಕೇಳಿದ ಹಾಡು ಇಷ್ಟವಾದರೆ ಅದನ್ನು ಹುಡುಕಿ ತಂದೇ ಸಿದ್ಧ. ಅವರು ಬಿಟ್ಟುಹೋದ ಆ ಪ್ಲೇಟುಗಳ ಮೇಲೆ ನಾನು ಕಟ್ಟುತ್ತಾ ಬಂದದ್ದೇ ಈಗಿರುವ ಸಂಗ್ರಹ.

ತುಂಬಾ ಜನ ಎಲ್‌ಪಿಗಳ, ಅಂದರೆ ಇಡೀ ಆಲ್ಬಮ್ ಇರುವ ದೊಡ್ಡ ಪ್ಲೇಟುಗಳ ಹಿಂದೆ ಹೋಗುತ್ತಾರೆ. ದೊಡ್ಡ ಕವರು, ಚಂದದ ಚಿತ್ರ, ಗೋಡೆಗೆ ಹಾಕಬಹುದು. ನನಗೆ ಸಿಂಗಲ್ ಮೇಲೆ ಜಾಸ್ತಿ ಪ್ರೀತಿ. ಬೀಟಲ್ಸ್ ಸಿಂಗಲ್ ಅಂದರೆ ಆಲ್ಬಮ್ಮಿನಿಂದ ಕಿತ್ತ ಒಂದು ತುಂಡು ಅಲ್ಲ. 'ಶಿ ಲವ್ಸ್ ಯು', 'ಐ ಫೀಲ್ ಫೈನ್', 'ಪೇಪರ್‌ಬ್ಯಾಕ್ ರೈಟರ್', 'ಹೇ ಜೂಡ್' — ಇಂಗ್ಲೆಂಡಿನಲ್ಲಿ ಇವು ಬಂದಾಗ ಯಾವ ಸ್ಟುಡಿಯೋ ಆಲ್ಬಮ್ಮಿನಲ್ಲೂ ಇರಲಿಲ್ಲ. ಏಳು ಇಂಚಿನ ಆ ಪ್ಲೇಟಿಗೆ ಅಂತಲೇ ಹಾಡು ಮಾಡುತ್ತಿದ್ದರು. ಇನ್ನೊಂದು ವಿಷಯ ಮೋನೋ. 1969ರ 'ದಿ ಬ್ಯಾಲಡ್ ಆಫ್ ಜಾನ್ ಆ್ಯಂಡ್ ಯೋಕೋ' ಬರುವ ತನಕ ಅಲ್ಲಿ ಅವರ ಸಿಂಗಲ್‌ಗಳೆಲ್ಲಾ ಮೋನೋದಲ್ಲೇ ಬಂದವು. ಡ್ರಮ್ಸ್, ಬಾಸ್, ಗಿಟಾರ್, ಗಂಟಲು ಎಲ್ಲಾ ಒಂದೇ ಕಡೆಯಿಂದ ಒಟ್ಟಿಗೆ ಬರುತ್ತದೆ. 'ರೆವಲ್ಯೂಷನ್' ಸಿಂಗಲ್ಲಿನ ಗಿಟಾರನ್ನು ಮೋನೋದಲ್ಲಿ ಜೋರಾಗಿ ಕೇಳಿ ನೋಡಿ. ಆಮೇಲೆ ಮಾತಾಡೋಣ.

ಪ್ಲೇಟು ಕೈಗೆ ಬಂದ ಕೂಡಲೇ ನಾನು ಅದನ್ನು ಹಾಕುವುದಿಲ್ಲ. ವಾಚ್ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ, ಲೇಬಲ್ ಮತ್ತು ಹಾಡಿನ ಗೆರೆಗಳ ನಡುವಿನ ಖಾಲಿ ಪಟ್ಟಿಯನ್ನು ನೋಡುತ್ತೇನೆ. ಪ್ಲೇಟಿನ ಜಾತಕ ಇರುವುದು ಅಲ್ಲೇ. ಪಾರ್ಲೋಫೋನ್ ಲೇಬಲ್ಲಿನ ಒಡೆಯರಾದ ಇಂಗ್ಲೆಂಡಿನ ಇಎಂಐ ಕಂಪನಿಯ ಪ್ಲೇಟುಗಳಲ್ಲಿ ಅದನ್ನು ಓದುವ ಕ್ರಮ ನನ್ನಂಥವನಿಗೆ ಹೇಳಿ ಮಾಡಿಸಿದ್ದು, ಯಾಕಂದರೆ ಎಲ್ಲವೂ ಗಡಿಯಾರದ ಲೆಕ್ಕ. 6 ಗಂಟೆಯ ಜಾಗದಲ್ಲಿ ಮ್ಯಾಟ್ರಿಕ್ಸ್ ನಂಬರ್, ಅಂದರೆ ಆ ಬದಿಯ ಗುರುತಿನ ನಂಬರ್. ಪಾರ್ಲೋಫೋನ್ ಸಿಂಗಲ್ ಆದರೆ ಅದು '7ಎಕ್ಸ್‌ಸಿಇ' ಅಂತ ಶುರು. ಕೊನೆಯಲ್ಲಿ ಒಂದು ಗೆರೆ ಎಳೆದು ಹಾಕಿದ ಅಂಕಿ ಎಷ್ಟನೇ ಸಲ ಕೊರೆದದ್ದು ಎಂದು ಹೇಳುತ್ತದೆ. 9 ಗಂಟೆಯ ಜಾಗದಲ್ಲಿ ಮದರ್ ನಂಬರ್. 3 ಗಂಟೆಯ ಜಾಗದಲ್ಲಿ ಒಂದೋ ಎರಡೋ ಅಕ್ಷರ, ಅದು ಸ್ಟಾಂಪರ್.

ಮದರ್, ಸ್ಟಾಂಪರ್ ಅಂದರೆ ಏನು? ಮೊದಲು ಲ್ಯಾಕರ್ ತಟ್ಟೆಯಲ್ಲಿ ಹಾಡನ್ನು ಕೊರೆಯುತ್ತಾರೆ. ಅದರಿಂದ ಲೋಹದ ಮಾಸ್ಟರ್, ಮಾಸ್ಟರಿನಿಂದ ಮದರ್, ಮದರಿನಿಂದ ಸ್ಟಾಂಪರ್. ಪ್ಲೇಟನ್ನು ಒತ್ತುವುದು ಸ್ಟಾಂಪರಿನಿಂದ. ಒತ್ತಿ ಒತ್ತಿ ಅದು ಸವೆಯುತ್ತದೆ, ಆಗ ಹೊಸದು ಬೇಕು. ಹಾಗಾಗಿ ಸ್ಟಾಂಪರ್ ನಂಬರ್ ಸಣ್ಣದಿದ್ದಷ್ಟೂ ಪ್ಲೇಟು ಮೊದಲ ದಿನಗಳದ್ದು. ಇಎಂಐನವರು ಈ ನಂಬರನ್ನು ಅಂಕಿಯಲ್ಲಿ ಹಾಕುತ್ತಿರಲಿಲ್ಲ. 'ಗ್ರಾಮಫೋನ್ ಕಂಪನಿ ಲಿಮಿಟೆಡ್' ಎಂಬ ಕಂಪನಿಯ ಹೆಸರಿನ ಇಂಗ್ಲಿಷ್ ಅಕ್ಷರಗಳಿಂದಲೇ ಹತ್ತನ್ನು ತೆಗೆದುಕೊಂಡಿದ್ದರು: ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ, ಡಿ. ಜಿ ಅಂದರೆ 1, ಆರ್ ಅಂದರೆ 2, ಹೀಗೆ ಹೋಗಿ ಟಿ ಅಂದರೆ 9, ಡಿ ಅಂದರೆ ಸೊನ್ನೆ. 'ಜಿಡಿ' ಇದ್ದರೆ ಹತ್ತನೇ ಸ್ಟಾಂಪರ್. ಮಸುಕಾದ ಎರಡು ಅಕ್ಷರ ಭೂತಗನ್ನಡಿಯಲ್ಲಿ ಮೆಲ್ಲ ಸ್ಪಷ್ಟವಾಗುವಾಗ ಆಗುವ ಖುಷಿ ಇದೆಯಲ್ಲಾ, ಅದನ್ನು ಫೋನಿನಲ್ಲಿ ಹಾಡು ಕೇಳುವವರಿಗೆ ಹೇಗೆ ಹೇಳಲಿ?

ಲೇಬಲ್ ಕೂಡ ಮಾತಾಡುತ್ತದೆ. ಅಂಚಿನ ಸುತ್ತ 'ದಿ ಪಾರ್ಲೋಫೋನ್ ಕಂಪನಿ' ಎಂದಿದ್ದರೆ 1965ಕ್ಕಿಂತ ಹಿಂದಿನದು ಅಥವಾ ಆ ಹೊತ್ತಿನದು. 'ದಿ ಗ್ರಾಮಫೋನ್ ಕಂಪನಿ' ಎಂದಿದ್ದರೆ ನಂತರದ್ದು. 'ಇಎಂಐ ರೆಕಾರ್ಡ್ಸ್' ಎಂದಿದ್ದರೆ 70ರ ದಶಕದಲ್ಲಿ ಮತ್ತೆ ಒತ್ತಿದ್ದು. ಹಾಡು ಅದೇ, ಬೆಲೆ ಬೇರೆ. ಮಾರುವವರು ಮೂರನ್ನೂ 'ಒರಿಜಿನಲ್' ಎಂದೇ ಹೇಳುತ್ತಾರೆ. ದುಡ್ಡು ಕೊಡುವ ಮೊದಲು ಅಂಚು ಓದಿ.

ನನ್ನ ಹತ್ತಿರ ಇರುವುದರಲ್ಲಿ ಯಾವುದು ಇಷ್ಟ ಎಂದು ಕೇಳಿದರೆ ಯೋಚನೆ ಮಾಡಬೇಕಾಗಿಲ್ಲ. 'ಲೇಡಿ ಮಡೋನಾ', ಪಾರ್ಲೋಫೋನ್ ಆರ್ 5675, 1968ರ ಮಾರ್ಚ್ 15. ನಾನು ಜಾಸ್ತಿ ಹಾಕುವುದು ಅದರ ಹಿಂಬದಿಯನ್ನು. ಅಲ್ಲಿರುವುದು ಬೀಟಲ್ಸ್‌ನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್‌ನ 'ದಿ ಇನ್ನರ್ ಲೈಟ್'. ಜಾರ್ಜ್ ಬರೆದ ಹಾಡು ಬೀಟಲ್ಸ್ ಸಿಂಗಲ್ಲಿನಲ್ಲಿ ಬಂದದ್ದು ಅದೇ ಮೊದಲು. ಮಾತುಗಳು ಚೀನಾದ ಪ್ರಾಚೀನ ಗ್ರಂಥ 'ತಾವೊ ತೆ ಚಿಂಗ್'ನಿಂದ ಬಂದವು. ಅದನ್ನು ಓದು ಎಂದು ಜಾರ್ಜ್‌ಗೆ ಹೇಳಿದ್ದು ಕೇಂಬ್ರಿಡ್ಜ್‌ನ ಸಂಸ್ಕೃತ ವಿದ್ವಾಂಸ ಹುವಾನ್ ಮಸ್ಕಾರೊ. ಸಂಗೀತ ಮಾತ್ರ ನಮ್ಮದು. 1968ರ ಜನವರಿಯಲ್ಲಿ ಜಾರ್ಜ್ ಬೊಂಬಾಯಿಗೆ ಬಂದು ಫೋರ್ಟ್‌ನ ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮ ವಾದಕರನ್ನು ಕೂರಿಸಿ ಅದನ್ನು ರೆಕಾರ್ಡ್ ಮಾಡಿದ. ಕೊಳಲು ಹರಿಪ್ರಸಾದ್ ಚೌರಾಸಿಯಾ ಅವರದು. ಫೆಬ್ರವರಿಯಲ್ಲಿ ಲಂಡನ್ನಿನ ಆ್ಯಬಿ ರೋಡ್‌ ಸ್ಟುಡಿಯೋದಲ್ಲಿ ಹಾಡುಗಾರಿಕೆ ಸೇರಿತು. ಪ್ಲೇಟು ಅಂಗಡಿಗೆ ಬರುವ ಹೊತ್ತಿಗೆ ಜಾರ್ಜ್ ಹೃಷಿಕೇಶದಲ್ಲಿದ್ದ.

ಡ್ರಮ್ಸ್ ಇಲ್ಲ, ಗಿಟಾರ್ ಇಲ್ಲ. ಶಹನಾಯಿಯ ಒಂದು ಎಳೆ ಏಳುತ್ತದೆ, ಹಾರ್ಮೋನಿಯಂ ಅದನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಮೆಲ್ಲಗೆ ಜಾರ್ಜ್‌ನ ದನಿ. ಎರಡೂವರೆ ನಿಮಿಷ ಅಷ್ಟೇ. ಅದು ಇಂಗ್ಲೆಂಡಿನ ಯಾವ ಆಲ್ಬಮ್ಮಿಗೂ 1978ರ ತನಕ ಸೇರಲಿಲ್ಲ. ಅಲ್ಲಿವರೆಗೆ ಅದು ಬೇಕಾದವರಿಗೆ ಸಿಂಗಲ್ಲೇ ಗತಿ. ಆ ಜನವರಿಯಲ್ಲಿ ಮಾವ ಅದೇ ಫೋರ್ಟ್‌ನಲ್ಲಿ ಗಲ್ಲಾದ ಮೇಲೆ ಕೂತು ಚಿಲ್ಲರೆ ಎಣಿಸುತ್ತಿದ್ದರು. ಸ್ಟುಡಿಯೋ ಇದ್ದ ಫಿರೋಜ್‌ಶಾ ಮೆಹ್ತಾ ರಸ್ತೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಳಗೆ ಏನು ನಡೆಯುತ್ತಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ಮಂಗಳೂರಿನಲ್ಲಿ ಪ್ಲೇಟು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಅಂಗಡಿಗಿಂತ ಮನೆಗಳಲ್ಲೇ ಜಾಸ್ತಿ. ಫಳ್ನೀರ್, ಬೆಂದೂರ್, ಜೆಪ್ಪು ಕಡೆ ಹಳೇ ಹಂಚಿನ ಮನೆಗಳನ್ನು ಕೆಡವಿ ಫ್ಲ್ಯಾಟ್ ಕಟ್ಟುವಾಗ ಅಟ್ಟ ಖಾಲಿ ಮಾಡುತ್ತಾರೆ. ಬೊಂಬಾಯಿಯಿಂದ, ಹಡಗಿನ ಕೆಲಸದಿಂದ, ಗಲ್ಫಿನಿಂದ ಬಂದ ಪ್ಲೇಟುಗಳು ಆಗ ಹೊರಗೆ ಬರುತ್ತವೆ. ಬಂದರಿನ ಗುಜರಿ ಅಂಗಡಿ ಸೇರುವ ಮೊದಲು ನನಗೆ ಸುದ್ದಿ ಸಿಗಬೇಕು. ಅದಕ್ಕೇ ಹಳೇ ಕೀ ವಾಚ್ ತೆಗೆದುಕೊಂಡು ಯಾರು ಬಂದರೂ, 'ಮನೆಯಲ್ಲಿ ಪ್ಲೇಟು ಉಂಟಾ?' ಎಂದು ಕೇಳಿಯೇ ಕೇಳುತ್ತೇನೆ. ಹೆಚ್ಚಾಗಿ ಸಿಗುವುದು ಅಮೆರಿಕದ ಹಾಡುಗಾರ ಜಿಮ್ ರೀವ್ಸ್. ಕರಾವಳಿಯ ಕ್ರಿಶ್ಚಿಯನ್ ಮನೆಗಳಲ್ಲಿ ಜಿಮ್ ರೀವ್ಸ್ ಇಲ್ಲದ ರಾಶಿ ನಾನು ನೋಡಿಲ್ಲ. ನಂತರ ಕ್ಲಿಫ್ ರಿಚರ್ಡ್, ಕೊಂಕಣಿ ಹಾಡುಗಳು, ಹಿಂದಿ ಸಿನಿಮಾ. ಅವುಗಳ ನಡುವೆ ಎಲ್ಲೋ ಒಂದು ಕಪ್ಪು ಪಾರ್ಲೋಫೋನ್ ಲೇಬಲ್.

ಸಿಕ್ಕಿದ ಮೇಲೆ ಕಾಪಾಡುವುದು ದೊಡ್ಡ ಕೆಲಸ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್‌ನಿಂದ ಚಪ್ಪಲಿಗೂ ಬೂಸು, ಬೀಟಲ್ಸಿಗೂ ಬೂಸು. ಹಳೇ ಕಾಗದದ ಒಳಕವರು ತೇವ ಹಿಡಿದುಕೊಳ್ಳುತ್ತದೆ, ಅದನ್ನು ತೆಗೆದು ಪ್ಲಾಸ್ಟಿಕ್ ಪದರದ ಹೊಸ ಕವರು ಹಾಕಿ. ಹಳೇದನ್ನು ಬಿಸಾಡಬೇಡಿ, ಬೇರೆ ಇಡಿ. ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಹೊರಗೋಡೆಗೆ ತಾಗಿದ ಕಪಾಟು ಬೇಡವೇ ಬೇಡ.

78ರದ್ದು ಬೇರೆಯೇ ಕತೆ. ಅದು ವಿನೈಲ್ ಪ್ಲಾಸ್ಟಿಕ್ ಅಲ್ಲ, ಅರಗು. ಮುತ್ತುಗದಂಥ ಮರಗಳ ಮೇಲೆ ಅರಗಿನ ಹುಳ ಬಿಡುವ ಅಂಟಿನಿಂದ ಮಾಡಿದ್ದು. ಕೈ ಜಾರಿದರೆ ಮಂಗಳೂರು ಹಂಚಿನ ಹಾಗೆ ಚೂರಾಗುತ್ತದೆ. ವಿನೈಲ್ ಒರೆಸುವಾಗ ಸ್ವಲ್ಪ ಆಲ್ಕೋಹಾಲ್ ಹಾಕುವವರಿದ್ದಾರೆ. ಅದೇ ದ್ರಾವಣ 78ಕ್ಕೆ ತಾಗಿದರೆ ಹಾಡೇ ಕರಗಿಹೋಗುತ್ತದೆ, ಯಾಕಂದರೆ ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಡಗಿಗಳು ಪಾಲಿಶ್ ಮಾಡುವುದು ಹಾಗೆಯೇ ಅಲ್ವಾ? ಸೂಜಿಯೂ ಬೇರೆ ಬೇಕು. ಎಲ್‌ಪಿಯ ಸೂಜಿಯ ತುದಿ ಸುಮಾರು 25 ಮೈಕ್ರಾನ್ ಅಥವಾ ಇನ್ನೂ ಸಣ್ಣದು. 78ಕ್ಕೆ ಸುಮಾರು 75 ಮೈಕ್ರಾನ್ ಬೇಕು. ಸಣ್ಣ ಸೂಜಿ ಹಾಕಿದರೆ ಅದು ಗೆರೆಯ ತಳದಲ್ಲಿ ಅಲೆದಾಡಿ ಬರೀ ಗರಗರ ಕೇಳಿಸುತ್ತದೆ. ಆಗ ಜನ ಪ್ಲೇಟು ಹಾಳಾಗಿದೆ ಎಂದು ಎತ್ತಿ ಬಿಸಾಡುತ್ತಾರೆ. ಪ್ಲೇಟು ಸರಿಯಾಗಿಯೇ ಇರುತ್ತದೆ.

ಬೀಟಲ್ಸ್‌ನ 'ವೈಟ್ ಆಲ್ಬಮ್'ನ ಒಂದನೇ ನಂಬರಿನ ಪ್ರತಿ, ಅವರ ಡ್ರಮ್ಮರ್ ರಿಂಗೋ ಸ್ಟಾರ್ ಹತ್ತಿರ ಇದ್ದದ್ದು, 2015ರ ಹರಾಜಿನಲ್ಲಿ 7,90,000 ಡಾಲರಿಗೆ ಹೋಯಿತು. ಹೋಗಲಿ. ದಮ್ ದಮ್ ಪ್ಲೇಟುಗಳ ವಿಷಯದಲ್ಲಿ ನನಗೆ ಸಂಕಟ ಆಗುವುದು ಬೇರೆ ಕಾರಣಕ್ಕೆ. ಅವು ಒಂದೊಂದಾಗಿ ಊರು ಬಿಟ್ಟು ಹೋಗುತ್ತಿವೆ. ಕರೆಂಟ್ ಇಲ್ಲದ ಮನೆಯಲ್ಲಿ ಕೀ ತಿರುಗಿಸಿ ಬೀಟಲ್ಸ್ ಕೇಳಿದ ಜನ ನಮ್ಮವರು. ಆ ಪ್ಲೇಟು ಜಪಾನಿನಲ್ಲೋ ಅಮೆರಿಕದಲ್ಲೋ ಗಾಜಿನ ಪೆಟ್ಟಿಗೆ ಸೇರಿದರೆ ಇಲ್ಲಿ ಯಾರು ಕೇಳಬೇಕು? ಅದಕ್ಕೇ ನಾನು ಮಾರುವುದಿಲ್ಲ. ಕೇಳಬೇಕು ಎಂದವರಿಗೆ ಅಂಗಡಿ ಮುಚ್ಚಿದ ಮೇಲೆ ಹಾಕಿ ತೋರಿಸುತ್ತೇನೆ.

ನಿಮ್ಮ ಅಟ್ಟದಲ್ಲಿ ಹತ್ತು ಇಂಚಿನ, ಕೈಗೆ ಭಾರ ಅನ್ನಿಸುವ ಪಾರ್ಲೋಫೋನ್ ಪ್ಲೇಟು ಇದ್ದರೆ ಲೇಬಲ್ ಮೇಲೆ ಡಿಪಿಇ ಇದೆಯಾ ನೋಡಿ. ಇದ್ದರೆ ಒಣ ಮೆತ್ತನೆ ಬಟ್ಟೆಯಿಂದ ಧೂಳು ತೆಗೆಯಿರಿ, ಅಷ್ಟು ಸಾಕು. ನಾನು 'ಎ ಹಾರ್ಡ್ ಡೇಸ್ ನೈಟ್' ಹುಡುಕುತ್ತಿದ್ದೇನೆ. ಸ್ವಲ್ಪ ಅಂಚು ಒಡೆದಿದ್ದರೂ ಪರವಾಗಿಲ್ಲ, ಹಾಡಿನ ಗೆರೆ ಉಳಿದಿದ್ದರೆ ಆಯಿತು.