ಬಿಟ್ಟ ಮರಿಗಳ ಲೆಕ್ಕ, ಮರಳಿ ಬಂದ ಮೀನುಗಳ ಲೆಕ್ಕ

ನದಿ ಮತ್ತು ಕಡಲಿನ ನಡುವೆ ವಲಸೆ ಹೋಗುವ ಮೀನುಗಳನ್ನು ಮತ್ತೆ ನೆಲೆಗೊಳಿಸುವ ಯೋಜನೆಗಳ ಕುರಿತು ಓದುವಾಗಲೆಲ್ಲ ನನ್ನನ್ನು ಒಂದು ಸಂಗತಿ ಕಾಡುತ್ತದೆ. ಎಷ್ಟು ಲಕ್ಷ ಮರಿಗಳನ್ನು ನದಿಗೆ ಬಿಡಲಾಯಿತು ಎಂಬುದು ಸುಲಭವಾಗಿ ಸಿಗುತ್ತದೆ. ಅವುಗಳಲ್ಲಿ ಎಷ್ಟು ಕಡಲಿನಿಂದ ಹಿಂತಿರುಗಿ ಬಂದು, ಯಾರ ನೆರವೂ ಇಲ್ಲದೆ ಮೊಟ್ಟೆಯಿಟ್ಟವು ಎಂಬುದನ್ನು ಹುಡುಕಬೇಕಾಗುತ್ತದೆ. ಯೋಜನೆ ಗೆದ್ದಿತೋ ಸೋತಿತೋ ಎಂಬುದನ್ನು ಹೇಳಬಲ್ಲದ್ದು ಎರಡನೆಯ ಲೆಕ್ಕ ಮಾತ್ರ ಎಂದು ನಾನು ನಂಬಿದ್ದೇನೆ.

ಸಾಲ್ಮನ್ ಮತ್ತು ಹಿಲ್ಸಾ ಮೀನುಗಳು ಸಿಹಿನೀರಿನಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ನದಿಗೆ ಬರುತ್ತವೆ. ಯುರೋಪಿನ ಈಲ್ ಎಂಬ ಹಾವುಮೀನಿನ ದಾರಿ ಇದಕ್ಕೆ ತದ್ವಿರುದ್ಧ. ಅದು ಅಟ್ಲಾಂಟಿಕ್‌ನ ಸರ್ಗಾಸೊ ಸಮುದ್ರದಲ್ಲಿ ಹುಟ್ಟಿ, ನದಿ ಕೆರೆಗಳಲ್ಲಿ ವರ್ಷಾನುಗಟ್ಟಲೆ ಬೆಳೆದು, ಸಂತಾನಕ್ಕಾಗಿ ಅದೇ ಸಮುದ್ರಕ್ಕೆ ಮರಳುತ್ತದೆ. ಎರಡು ಬಗೆಯ ಮೀನುಗಳಿಗೂ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ದಾರಿ ಬೇಕು. ನಡುವೆ ಒಂದೇ ಒಂದು ಕಟ್ಟೆ ಎದ್ದರೂ ಮೇಲಿನ ಇಡೀ ನದಿ ಅವುಗಳ ಪಾಲಿಗೆ ಇಲ್ಲವಾಗಬಹುದು. ಗಂಗಾ ಮತ್ತು ಯಮುನೆಯಲ್ಲಿ ಆಗ್ರಾದವರೆಗೂ ಏರುತ್ತಿದ್ದ ಹಿಲ್ಸಾ, 1975ರಲ್ಲಿ ಫರಕ್ಕಾ ಬ್ಯಾರೇಜ್ ಕಾರ್ಯಾರಂಭ ಮಾಡಿದ ಮೇಲೆ ಅದರ ಮೇಲ್ಭಾಗದಲ್ಲಿ ಬಹುತೇಕ ಕಾಣದಾಯಿತು.

ಕಟ್ಟೆಯನ್ನು ಉಳಿಸಿಕೊಂಡು ಮೀನನ್ನು ದಾಟಿಸಲು ಮಾಡಿದ ಉಪಾಯವೇ ಮೀನುಗಳ ಏಣಿ. ಒಂದರ ಮೇಲೊಂದರಂತೆ ಸಣ್ಣ ಸಣ್ಣ ತೊಟ್ಟಿಗಳು, ಮೇಲಿನದರಿಂದ ಕೆಳಗಿನದಕ್ಕೆ ಧುಮುಕುವ ನೀರು; ಮೀನು ಒಂದೊಂದೇ ತೊಟ್ಟಿಯನ್ನು ಏರಿ ಹೋಗಬೇಕು. ಆದರೆ ಏಣಿಯ ಅತ್ಯಂತ ಕಷ್ಟದ ಭಾಗ ಮೆಟ್ಟಿಲಲ್ಲ, ಬಾಗಿಲು. ಮೀನು ಹರಿವಿನ ಬಲವನ್ನು ಅನುಸರಿಸಿ ಏರುತ್ತದೆ. ವಿದ್ಯುದಾಗಾರದಿಂದ ಹೊರಬೀಳುವ ನೀರು ಭೋರ್ಗರೆಯುತ್ತಿರುವಾಗ, ಪಕ್ಕದಲ್ಲಿ ತೆಳ್ಳಗೆ ಹರಿದುಬರುವ ಏಣಿಯ ನೀರು ಅದರ ಅರಿವಿಗೇ ಬರುವುದಿಲ್ಲ. ದೊಡ್ಡ ಹರಿವಿನ ಬುಡದಲ್ಲಿಯೇ ತಲೆಯೊಡ್ಡಿ ದಿನಗಟ್ಟಲೆ ನಿಂತು, ಕಡಲಿನಿಂದ ಹೊತ್ತು ತಂದ ಕೊಬ್ಬನ್ನೆಲ್ಲ ಕರಗಿಸಿಕೊಂಡು ಸೋಲುತ್ತದೆ. ಸಾಲ್ಮನ್ ನದಿಯನ್ನು ಏರುವಾಗ ಏನನ್ನೂ ತಿನ್ನುವುದಿಲ್ಲವಾದ್ದರಿಂದ, ಹೀಗೆ ವ್ಯರ್ಥವಾದ ಶಕ್ತಿ ಮರಳಿ ಬರುವುದಿಲ್ಲ. ಇನ್ನು, ಸಾಲ್ಮನ್ ನೆಗೆಯುತ್ತದೆಂದು ಎಲ್ಲ ಮೀನುಗಳೂ ನೆಗೆಯುವುದಿಲ್ಲ. ಹಿಲ್ಸಾದ ಬಳಗಕ್ಕೇ ಸೇರಿದ ಅಮೆರಿಕದ ಶ್ಯಾಡ್ ನೆಗೆಯಲು ಒಲ್ಲದು. ಬೆರಳುದ್ದದ ಈಲ್ ಮರಿಗೆ ತೊಟ್ಟಿಗಳೇ ಬೇಡ, ಒದ್ದೆಯಾದ ಇಳಿಜಾರಿನ ಮೇಲೆ ಬ್ರಷ್ಷಿನಂತೆ ನೆಟ್ಟ ಕೂದಲುಗಳಿದ್ದರೆ ಅವುಗಳ ನಡುವೆ ಮೈ ಬಳುಕಿಸುತ್ತ ಹತ್ತಿಹೋಗುತ್ತದೆ. ಸಾಲ್ಮನ್‌ಗೆಂದು ಕಟ್ಟಿದ ಏಣಿಯನ್ನು ಎಲ್ಲ ಮೀನುಗಳ ಹೆಸರಿನಲ್ಲಿ ಯಶಸ್ವಿ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಇಳಿಯುವ ದಾರಿಯ ಬಗ್ಗೆ ಮಾತು ಇನ್ನೂ ಕಡಿಮೆ. ಪ್ರಾಯಕ್ಕೆ ಬಂದು ಸಮುದ್ರಕ್ಕೆ ಹೊರಟ ಈಲ್ ಉದ್ದನೆಯ ಮೈಯದು. ಟರ್ಬೈನಿನ ಅಲಗು ಅದಕ್ಕೆ ತಗಲುವ ಸಾಧ್ಯತೆ ಗಿಡ್ಡ ಮೀನಿಗಿಂತ ಹೆಚ್ಚು. ಯುರೋಪಿಯನ್ ಒಕ್ಕೂಟವು 2007ರಲ್ಲಿ ತಂದ ನಿಯಮವು, ಮಾನವನ ಹಸ್ತಕ್ಷೇಪವೇ ಇಲ್ಲದಿದ್ದರೆ ಎಷ್ಟು ಈಲ್ ಸಮುದ್ರ ಸೇರುತ್ತಿತ್ತೋ ಅದರ ತೂಕದ ಶೇಕಡ 40ರಷ್ಟಾದರೂ ಸೇರಬೇಕು ಎಂಬ ಗುರಿಯನ್ನು ಇಟ್ಟಿತು. ಗುರಿ ಇನ್ನೂ ದೂರವೇ ಇದೆ. ಆದರೂ ಹೊರಹೋಗುವ ಮೀನನ್ನು ಲೆಕ್ಕಕ್ಕೆ ತೆಗೆದುಕೊಂಡದ್ದರಿಂದ ಆ ನಿಯಮವನ್ನು ನಾನು ಮೆಚ್ಚುತ್ತೇನೆ.

ಮರಿ ಉತ್ಪಾದನಾ ಕೇಂದ್ರಗಳನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಒಂದು ನದಿಯಲ್ಲಿ ಒಂದು ತಳಿ ಸಂಪೂರ್ಣ ಅಳಿದಿದ್ದರೆ ಬೇರೆ ಉಪಾಯವಿಲ್ಲ. ಆದರೆ ತೊಟ್ಟಿಯಲ್ಲಿ ಬೆಳೆದ ಮರಿಗಳಲ್ಲಿ ಉಳಿಯುವುದು ತೊಟ್ಟಿಗೆ ಹೊಂದಿಕೊಂಡ ಗುಣಗಳೇ. ನದಿಯಲ್ಲಿ ಬದುಕುವ ಗುಣ ತಲೆಮಾರಿನಿಂದ ತಲೆಮಾರಿಗೆ ಕುಂದುತ್ತದೆ. ದಾರಿ ಮುಚ್ಚಿರುವ ನದಿಗೆ ವರ್ಷವರ್ಷವೂ ಮರಿ ಬಿಡುತ್ತ ಹೋಗುವುದು ತಳವಿಲ್ಲದ ಕೊಡಕ್ಕೆ ನೀರು ತುಂಬಿದಂತೆ.

ದಾರಿಯನ್ನೇ ತೆರೆದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯಲ್ಲಿ ಉತ್ತರವಿದೆ. 1913ರಲ್ಲಿ ಮುಗಿದ ಎಲ್ವಾ ಅಣೆಕಟ್ಟು ನದೀಮುಖದಿಂದ ಸುಮಾರು 8 ಕಿಲೋಮೀಟರ್ ಮೇಲೆಯೇ ಇದ್ದು, ಅದಕ್ಕೆ ಮೀನು ದಾಟುವ ಯಾವ ವ್ಯವಸ್ಥೆಯೂ ಇರಲಿಲ್ಲ. ಇನ್ನೂ ಮೇಲೆ 64 ಮೀಟರ್ ಎತ್ತರದ ಗ್ಲೈನ್ಸ್ ಕ್ಯಾನ್ಯನ್ ಅಣೆಕಟ್ಟು. ತಮ್ಮ ಬದುಕು ಸಾಲ್ಮನ್ ಮೇಲೆಯೇ ನಿಂತಿದ್ದ ಕ್ಲಾಲಂ ಬುಡಕಟ್ಟಿನ ಜನರು ದಶಕಗಳ ಕಾಲ ಹೋರಾಡಿದ ಮೇಲೆ, 2011ರಿಂದ 2014ರ ನಡುವೆ ಎರಡನ್ನೂ ಹಂತ ಹಂತವಾಗಿ ಕೆಡವಲಾಯಿತು. ಒಮ್ಮೆಲೇ ಕೆಡವದಿರಲು ಕಾರಣ ಹೂಳು; ಎರಡು ಜಲಾಶಯಗಳಲ್ಲಿ ಸುಮಾರು 2 ಕೋಟಿ ಘನ ಮೀಟರ್‌ನಷ್ಟು ಹೂಳು ತುಂಬಿತ್ತು. ಅದು ಕೆಳಗಿಳಿದಾಗ ನದಿ ಕೆಲಕಾಲ ಕೆಸರಾಯಿತು. ಆದರೆ ಮೊಟ್ಟೆಯಿಡಲು ಬೇಕಾದ ಜಲ್ಲಿಕಲ್ಲು ಕೆಳಹರಿವಿಗೆ ಸಿಕ್ಕಿತು, ಅಳಿವೆಯಲ್ಲಿ ಹೊಸ ಮರಳುದಂಡೆ ಬೆಳೆಯಿತು. ನೂರು ವರ್ಷ ಅಣೆಕಟ್ಟಿನ ಮೇಲ್ಭಾಗದಲ್ಲೇ ಸಿಕ್ಕಿಬಿದ್ದು ಸಿಹಿನೀರಿನಲ್ಲೇ ಬದುಕಿದ್ದ ರೇನ್‌ಬೋ ಟ್ರೌಟ್‌ಗಳ ವಂಶದಲ್ಲಿ ಕಡಲಿಗೆ ಹೋಗಿ ಬರುವ ಗುಣ ಅಳಿದಿರಲಿಲ್ಲ. ಆ ಟ್ರೌಟ್‌ಗಳದ್ದೇ ಕಡಲಿಗೆ ಹೋಗಿ ಬರುವ ರೂಪವಾದ, ಬೇಸಿಗೆಯಲ್ಲಿ ನದಿ ಏರುವ ಸ್ಟೀಲ್‌ಹೆಡ್ ಮೀನುಗಳು ಮತ್ತೆ ಕಾಣಿಸಿಕೊಂಡದ್ದನ್ನು ಓದಿದಾಗ ನನಗಾದ ಸಂತೋಷ ಸಣ್ಣದಲ್ಲ. ಕೆಡವುವ ಕೆಲಸದ ಜೊತೆಗೇ ಮೀನುಗಾರಿಕೆಯನ್ನೂ ನಿಲ್ಲಿಸಲಾಗಿತ್ತು. ಬುಡಕಟ್ಟಿನವರು ಆಚರಣೆಗೂ ಊಟಕ್ಕೂ ಸೀಮಿತವಾಗಿ ಕೋಹೊ ಸಾಲ್ಮನ್ ಹಿಡಿದದ್ದು 2023ರಲ್ಲಿ.

ಎಲ್ಲ ಕಟ್ಟೆಗಳನ್ನೂ ಕೆಡವಲಾಗುವುದಿಲ್ಲ, ವಿದ್ಯುತ್ತೂ ಬೇಕು ಎಂಬ ವಾದದಲ್ಲಿ ಹುರುಳಿದೆ. ಅದಕ್ಕೆ ಅಮೆರಿಕದ ಮೇನ್ ರಾಜ್ಯದ ಪೆನೋಬ್‌ಸ್ಕಾಟ್ ನದಿಯಲ್ಲಿ ಕಂಡುಕೊಂಡ ಒಪ್ಪಂದ ನನಗೆ ಅತ್ಯುತ್ತಮವೆನಿಸುತ್ತದೆ. ಅಲ್ಲಿ ಮೂರು ಕಟ್ಟೆಗಳನ್ನು ಕೊಂಡುಕೊಂಡು, 2012ರಲ್ಲಿ ಗ್ರೇಟ್ ವರ್ಕ್ಸ್ ಅನ್ನೂ 2013ರಲ್ಲಿ ವೀಜಿಯನ್ನೂ ಕೆಡವಿ, ಮೂರನೆಯದನ್ನು ಸುತ್ತಿ ಹೋಗುವ ಕಾಲುವೆಯೊಂದನ್ನು ತೋಡಲಾಯಿತು. ಉಳಿದ ಕಟ್ಟೆಗಳಲ್ಲಿ ಉತ್ಪಾದನೆ ಹೆಚ್ಚಿಸಿ ಒಟ್ಟು ವಿದ್ಯುತ್ ಕಡಿಮೆಯಾಗದಂತೆ ನೋಡಿಕೊಳ್ಳಲಾಯಿತು. ಕೆಲವೇ ವರ್ಷಗಳಲ್ಲಿ ನದಿ ಏರುವ ಹೆರಿಂಗ್ ಮೀನುಗಳು ಲಕ್ಷಗಳ ಲೆಕ್ಕದಲ್ಲಿ ಬಂದವು. ಸಾಲ್ಮನ್ ಮಾತ್ರ ಅಷ್ಟು ಬೇಗ ಚೇತರಿಸಿಕೊಳ್ಳಲಿಲ್ಲ. ಕಡಲಿನಲ್ಲಿಯೇ ಅವು ಹೆಚ್ಚು ಸಾಯುತ್ತಿರುವುದು ಒಂದು ಕಾರಣವಾದರೆ, ಅವು ಮೊಟ್ಟೆಯಿಡುವ ಒಳ್ಳೆಯ ತೊರೆಗಳು ಉಳಿದ ಕಟ್ಟೆಗಳಾಚೆಗೆ ಇರುವುದು ಇನ್ನೊಂದು. ಒಂದೊಂದು ಕಟ್ಟೆಯಲ್ಲೂ ಒಂದಷ್ಟು ಮೀನು ನಷ್ಟವಾಗುತ್ತದೆ. ಕಡಲಿನ ಸಾವನ್ನು ತಡೆಯುವುದು ನದಿಯ ಯೋಜನೆಗಳ ಕೈಯಲ್ಲಿಲ್ಲ. ಆದರೆ ಅಲ್ಲಿ ಕಟ್ಟೆಗಳಿಗೆ ಪರವಾನಗಿ ಕೊಡುವುದು 30ರಿಂದ 50 ವರ್ಷಗಳಿಗೊಮ್ಮೆಯಾದ್ದರಿಂದ, ನವೀಕರಣದ ವಿಚಾರಣೆ ಬಂದಾಗ ಏರುವ ಮೀನಿನ ಜೊತೆಗೆ ಇಳಿಯುವ ಮರಿಗಳಿಗೂ ಷರತ್ತು ವಿಧಿಸುವಂತೆ ಕೇಳಬಹುದು. ಆ ಅವಕಾಶ ತಪ್ಪಿದರೆ ಮತ್ತೊಂದು ತಲೆಮಾರಿನವರೆಗೆ ಕಾಯಬೇಕು.