ಮಾಳಿಗೆ ಮೇಲಿನ ಕೋಲು: ಡಿಸೆಂಬರ್‌ನಿಂದ ಜೂನ್‌ವರೆಗಿನ ನೆರಳು

ವಿಜಯಪುರದ ನಮ್ಮ ಮನೆ ಮಾಳಿಗೆ ಮೇಲೆ ಡಿಸೆಂಬರ್‌ನಿಂದ ಒಂದು ಕೋಲು ನಿಂತಿದೆ. ಎತ್ತರ ಸರಿಯಾಗಿ 100 ಸೆಂ.ಮೀ. ಓಣಿಯ ಐದಾರು ಮಕ್ಕಳು ಅದರ ನೆರಳು ಅಳೆಯುತ್ತಾರೆ, ನಾನು ವಹಿಯಲ್ಲಿ ಬರೆದಿಡುತ್ತೇನೆ. "ಮಧ್ಯಾಹ್ನ ಸೂರ್ಯ ನೆತ್ತಿ ಮ್ಯಾಲೆ ಇರ್ತಾನ" ಎಂದು ಎಲ್ಲ ಮಕ್ಕಳೂ ಹೇಳುತ್ತಿದ್ದರು. ಹಾಗಿದ್ದರೆ ನೆರಳೇ ಇರಬಾರದು, ಅಲ್ವಾ? ನೋಡೇ ಬಿಡೋಣ ಎಂದು ಶುರು ಮಾಡಿದೆವು.

ಮೊದಲ ವಾರದ ಅಳತೆ ಎಲ್ಲ ಕೆಟ್ಟಿತು. ಕೋಲು ವಾಲಿತ್ತು. ಗೌಂಡಿಯೊಬ್ಬರಿಂದ ತೂಗುಗುಂಡು ತಂದು ನೆಟ್ಟಗೆ ನಿಲ್ಲಿಸಿದೆವು. ಗಡಿಯಾರದಲ್ಲಿ 12 ಆದಾಗ ಅಳೆದದ್ದೂ ತಪ್ಪೇ. ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕಕ್ಕೆ. ವಿಜಯಪುರ ಇರುವುದು 75.7ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ನಮ್ಮ ನಡುಹಗಲು ಸುಮಾರು 27 ನಿಮಿಷ ತಡ, ತಿಂಗಳಿಂದ ತಿಂಗಳಿಗೆ ಅದೂ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಈಗ 12ರಿಂದಲೇ 5 ನಿಮಿಷಕ್ಕೊಂದು ಸೀಮೆಸುಣ್ಣದ ಚುಕ್ಕೆ ಹಾಕುತ್ತೇವೆ. ಎಲ್ಲಕ್ಕಿಂತ ಗಿಡ್ಡ ನೆರಳೇ ನಡುಹಗಲಿನದು.

ಡಿಸೆಂಬರ್ 22: 84.5 ಸೆಂ.ಮೀ., ಉತ್ತರದ ಕಡೆಗೆ.

ಜನವರಿ 14: 78.5. ಅವತ್ತು ಸಂಕ್ರಾಂತಿ. ಕುಸುರೆಳ್ಳು ಕೊಡಲು ಮೇಲೆ ಬಂದ ನಮ್ಮ ಅವ್ವ "ಇವತ್ತಿನಿಂದ ಉತ್ತರಾಯಣ" ಎಂದಳು. "ಇಲ್ಲಜ್ಜಿ, ನೆರಳು ಆಗಲೇ 6 ಸೆಂಟಿಮೀಟರ್ ಕಡಿಮಿ ಆಗೇತಿ" ಎಂದು ಒಬ್ಬ ಹುಡುಗ ವಹಿ ತೋರಿಸಿದ. ಇದಕ್ಕೆ ನಾನು ಬುಗುರಿ ತಂದು ಆಡಿಸಬೇಕಾಯಿತು. ವೇಗ ಕುಗ್ಗಿದ ಬುಗುರಿ ತಲೆ ತೂಗುವ ಹಾಗೆ ಭೂಮಿಯ ಅಕ್ಷವೂ ತೂಗುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಸಂಕ್ರಾಂತಿಯನ್ನು ನಕ್ಷತ್ರಗಳ ಲೆಕ್ಕದಲ್ಲಿ ಹಿಡಿಯುತ್ತೇವೆ. ಸುಮಾರು 1,700 ವರ್ಷದ ಹಿಂದೆ ಸಂಕ್ರಾಂತಿಯೂ ಸೂರ್ಯ ಉತ್ತರಕ್ಕೆ ತಿರುಗುವ ದಿನವೂ ಒಟ್ಟಿಗೇ ಬರುತ್ತಿದ್ದವು, ಆಮೇಲೆ ದೂರವಾದವು. ಅವ್ವನ ಮಾತು ಹಳೆಯ ಆಕಾಶದ್ದು, ಹುಡುಗನದು ಈಗಿನದು. ಅವ್ವ ತುಂಬ ಹೊತ್ತು ಬುಗುರಿ ನೋಡುತ್ತಾ ಕೂತಳು.

ಜನವರಿ ಮೊದಲ ವಾರದಲ್ಲೇ ಭೂಮಿ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರ, 14.7 ಕೋಟಿ ಕಿ.ಮೀ. ಜುಲೈಯಲ್ಲಿ 15.2 ಕೋಟಿ. "ಹತ್ರ ಇದ್ದಾಗ ಥಂಡಿ ಯಾಕ್ರಿ ಕಾಕಾ?" ಒಳ್ಳೆಯ ಪ್ರಶ್ನೆ. ಪಾಟಿಯ ಮೇಲೆ ಬ್ಯಾಟರಿ ಬೆಳಕು ನೇರ ಬಿಟ್ಟೆ, ದುಂಡಗೆ ಬಿತ್ತು. ಓರೆ ಮಾಡಿದೆ, ಅದೇ ಬೆಳಕು ಅಗಲವಾಗಿ ಹರಡಿ ಮಂಕಾಯಿತು. ಭೂಮಿಯ ಅಕ್ಷ 23.4 ಡಿಗ್ರಿ ವಾಲಿದೆ, ಅದಕ್ಕೇ ಜನವರಿಯಲ್ಲಿ ನಮ್ಮ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ. ದೂರಕ್ಕಿಂತ ಈ ಓರೆಯ ಪ್ರಭಾವವೇ ಜಾಸ್ತಿ.

ಮಾರ್ಚ್ 21: ಇಲ್ಲಿ 30 ಸೆಂ.ಮೀ. ಮೈಸೂರಿನಲ್ಲಿರುವ ತಂಗಿಯೂ ಅಷ್ಟೇ ಎತ್ತರದ ಕೋಲು ನಿಲ್ಲಿಸಿದ್ದಳು. ಅಲ್ಲಿ 21.5. ಮಕ್ಕಳು ಮೊದಲು ತ್ರಿಕೋನ ಬರೆದು ಕೋನಮಾಪಕ ಇಟ್ಟರು. 17 ಮತ್ತು 12, ವ್ಯತ್ಯಾಸ 5 ಡಿಗ್ರಿ. ನಕಾಶೆಯಲ್ಲಿ ಉತ್ತರ-ದಕ್ಷಿಣ ಅಂತರ ಸುಮಾರು 500 ಕಿ.ಮೀ. 5 ಡಿಗ್ರಿಗೆ 500 ಕಿ.ಮೀ. ಆದರೆ ಪೂರ್ತಿ ಸುತ್ತಿನ 360 ಡಿಗ್ರಿಗೆ ಅದರ 72 ಪಟ್ಟು, ಭೂಮಿಯ ಸುತ್ತಳತೆ 36,000 ಕಿ.ಮೀ. ಬಂತು! ಕ್ಯಾಲ್ಕುಲೇಟರಿನಲ್ಲಿ ಕೋನ ತೆಗೆದಾಗ ವ್ಯತ್ಯಾಸ 4.6 ಡಿಗ್ರಿ. ಈ ಸಲ 39,130. ನಿಜವಾದದ್ದು ಧ್ರುವಗಳ ಮೂಲಕ ಅಳೆದರೆ ಸುಮಾರು 40,008 ಕಿ.ಮೀ. ಅರ್ಧ ಡಿಗ್ರಿಗೂ ಕಡಿಮೆ ತಪ್ಪು 3,000 ಕಿ.ಮೀ. ತಿಂದಿತ್ತು. ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ 2,200 ವರ್ಷದ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಅವನಿಗೆ ಬಂದ ವ್ಯತ್ಯಾಸ 7.2 ಡಿಗ್ರಿ, ಅಂದರೆ ಸುತ್ತಿನ 50ರಲ್ಲಿ ಒಂದು ಪಾಲು.

ಮೇ 5ಕ್ಕೆ ಬಾಗಲಕೋಟೆಯಿಂದ ಭಾವನ ಫೋನು, ಅಲ್ಲಿ ನೆರಳಿಲ್ಲ. ನಮಗಿಂತ ದಕ್ಷಿಣಕ್ಕಿದೆಯಲ್ಲ, ಅವರಿಗೆ ಮೊದಲು.

ಮೇ 8: ಕಾಲು ಸುಡುವ ಮಾಳಿಗೆಗೆ ಒದ್ದೆ ಗೋಣಿಚೀಲ ಹಾಸಿ ಕೂತೆವು. 12:24ಕ್ಕೆ "ಕಾಕಾ, ನೆರಳು ಎಲ್ಲಿ ಹೋತು?" ಕೋಲಿನ ಬುಡಕ್ಕೇ ಸೇರಿಕೊಂಡಿತ್ತು. ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದ್ದ ಪೈಪಿನೊಳಗೆ ಬಿಸಿಲು ತಳದವರೆಗೆ ಇಳಿದಿತ್ತು. ಒಬ್ಬೊಬ್ಬರೇ ಬಗ್ಗಿ ನೋಡಿದರು, ನಾನೂ ನೋಡಿದೆ.

ಜೂನ್ 21: ಮೋಡ. ಒಂದೇ ಸಲ ಬಿಸಿಲು ಬಿತ್ತು. 11.5 ಸೆಂ.ಮೀ., ಆದರೆ ದಕ್ಷಿಣಕ್ಕೆ! ಸೀಮೆಸುಣ್ಣ ಹಿಡಿದವನು ಉತ್ತರದ ಕಡೆ ಕೂತಿದ್ದ, ಎದ್ದು ಓಡಿ ಬಂದು ಚುಕ್ಕೆ ಹಾಕಿದ.

ಆಗಸ್ಟ್ 5ರ ಸುಮಾರಿಗೆ ನೆರಳು ಮತ್ತೆ ಮಾಯವಾಗಬೇಕು. ಕೋಲು ಕೀಳುವುದಿಲ್ಲ.